ಸೂಜಿ ಹಿಡದು ಕುಂತರ ಊಟದ ನೆನಪೇ ಬರಂಗಿಲ್ಲ, ನಿಮಗೂ ಹಿಂಗ ಆಗತೈತೇನ್ರಿ?

ಕೌದಿ_ಕೊಪ್ಪಳ · ಸೋಮವಾರ ಸಂಜೆ 5:40

ಎಲ್ಲಾರಿಗೂ ನಮಸ್ಕಾರ್ರಿ. ನಗಬ್ಯಾಡ್ರಿ ಅಂತ ಮೊದಲೇ ಹೇಳಿಬಿಡತೀನಿ.

ಮುಂಜಾನೆ ಹುಡುಗರನ್ನ ಸಾಲಿಗೆ ಕಳಿಸಿ, ಮನೆಯವರಿಗೆ ಡಬ್ಬಿ ಕಟ್ಟಿ, ಹತ್ತೂವರಿಗೆ ಕೌದಿ ಹಾಸಿಕೊಂಡು ಕುಂದರತೀನಿ. ಕೆಳಗ ಹಳೇ ಸೀರಿ ನಾಕು ಪದರ, ಮ್ಯಾಲೆ ತುಂಡು ಅರಿವಿ. ಅಂಚಿನಿಂದ ಸುತ್ತ ಹೊಲಕೊಂತ ನಡುವಿಗೆ ಬರೂದು. ಇದೊಂದು ಸುತ್ತು ಮುಗಿಸಿ ಏಳೂಣು ಅಂತಿರತೀನಿ, ಹುಡುಗರು ಬಂದು ಬಾಗಲಾ ಬಡದಾಗ ನೋಡಿದ್ರ ನಾಕೂವರಿ ಆಗಿರತೈತಿ. ಬುಟ್ಟ್ಯಾಗಿನ ರೊಟ್ಟಿ ಕಟಕ್ ಆಗಿರತಾವು, ಬದನಿಕಾಯಿ ಪಲ್ಯದ ಮ್ಯಾಲೆ ಎಣ್ಣಿ ಕಟ್ಟಿರತೈತಿ. ಹಸಿವಿ ಆಗಿದ್ದೇ ಗೊತ್ತಿರಂಗಿಲ್ಲ. ಐದಕ್ಕ ಕೈ ನಡಗಾಕ ಚಾಲೂ ಆಗತೈತಿ.

ಹೋದ ವಾರ ನಮ್ಮವ್ವನ ಇಳಕಲ್ ಸೀರಿ ಸೆರಗು ನಡುವಕ ಕುಂದರಸಾಕತ್ತಿದ್ದೆ. ತೋಪ ತೆನಿ ಸೆರಗು. ಕೆಂಪು ಬಿಳಿ ಒಂದರ ಹಲ್ಲಿನ್ಯಾಗ ಒಂದು ಕೂಡಿದಂಗ ಇರತೈತೆಲ್ಲ, ಒಂದೆಳಿ ಸರದ್ರ ಸೊಟ್ಟ ಕಾಣತೈತಿ. ಮುಗಿಸಿ ಎದ್ದೆ, ಕಣ್ಣಿಗೆ ಕತ್ತಲಿ ಬಂದು ಬಾಗಲಾ ಹಿಡಕೊಂಡು ನಿಂತೆ. ನಮ್ಮ ಅತ್ತಿ ನೋಡಿದ್ರು. "ಕೌದಿ ಹೊಚಗೊಳ್ಳಾಕ ನೀನ ಇರಬೇಕಲ್ಲವಾ" ಅಂದು ಒಳಗ ಹ್ವಾದ್ರು.

ಇದು ಚಟಾನೋ, ರೋಗಾನೋ, ಬರೇ ಹುಚ್ಚೋ? ಮೊಬೈಲಿನ್ಯಾಗ ಅಲಾರಾಂ ಇಟ್ಟು ನೋಡಿದೆ. ಕೈ ತಾನ ಹೋಗಿ ಬಂದ್ ಮಾಡತೈತಿ, ತಲಿಗೆ ಸುದ್ದಿನ ಮುಟ್ಟಂಗಿಲ್ಲ.

ಮಿರ್ಚಿ_ಒಗ್ಗರಣಿ · 5:52

ನಾನು ಊಟಕ್ಕ ಕುಂತು ಕೆಲಸ ಮರೀತೀನಿ ಅಕ್ಕಾರ. ನನಗ್ಯಾವ ಔಷಧ?

ಲೆಕ್ಕದ_ಪುಸ್ತಕ · 6:10

ಬಳ್ಳಾರಿಯಿಂದ. ನನಗೂ ಆಗುತ್ತೆ, ಆದ್ರೆ ವರ್ಷಕ್ಕೊಂದೇ ಸಲ, ಮಾರ್ಚ್ ಕೊನೆಗೆ. ಈ ಸಲ ಟ್ಯಾಲಿಯಲ್ಲಿ 900 ರೂಪಾಯಿ ತಾಳೆ ಆಗ್ತಿರಲಿಲ್ಲ. ಮಾಲೀಕರು "ಬಿಡಪ್ಪ, 900 ತಾನೆ, ನನ್ನ ಜೇಬಿಂದ ಹಾಕ್ಕೋ" ಅಂದ್ರು. ಅದು ದುಡ್ಡಿನ ಮಾತಾ? ವ್ಯತ್ಯಾಸ 9ರಿಂದ ಭಾಗ ಹೋಗುತ್ತೆ ಅಂದ್ರೆ ಎಲ್ಲೋ ಅಂಕಿ ಹಿಂದುಮುಂದಾಗಿದೆ ಅಂತ ಅನುಮಾನ ಪಡಬೇಕು, ಇದು ನಮ್ಮ ಕಸುಬಿನ ಹಳೇ ಗುಟ್ಟು. ಬೆಳಿಗ್ಗೆ ಹತ್ತಕ್ಕೆ ಕೂತವನಿಗೆ ಸಿಕ್ಕಿದ್ದು ಸಂಜೆ ನಾಲ್ಕು ದಾಟಿದ ಮೇಲೆ: 4,500 ಇರೋ ಕಡೆ 5,400. ಸಿಕ್ಕ ಮರುಕ್ಷಣ ಹಸಿವು ಎಲ್ಲಿತ್ತೋ ಏನೋ, ಒದ್ದುಕೊಂಡು ಬಂತು. ಹೋಗಿ ನಾಲ್ಕು ಮಿರ್ಚಿ ತಿಂದೆ. ರಾತ್ರಿಯೆಲ್ಲಾ ಎದೆ ಉರಿ.

ಮೇಷ್ಟ್ರು_ರಾಯಚೂರು · 6:31

ತಂಗಿ, ಹೆದರಬ್ಯಾಡ. ನೀನು ದೊಡ್ಡ ದೊಡ್ಡವರ ಸಾಲಿನ್ಯಾಗ ಇದ್ದಿ. ಆರ್ಕಿಮಿಡೀಸನ ಬಗ್ಗೆ ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್ ಬರದಾನ: ರೇಖಾಗಣಿತದ ಗುಂಗಿನ್ಯಾಗ ಊಟ ಮರೀತಿದ್ದನಂತ, ಮೈ ಕಡೆ ಲಕ್ಷ್ಯನ ಇರತಿರಲಿಲ್ಲಂತ. ಜಳಕಕ್ಕ ಜಬರದಸ್ತಿ ಎತ್ತಿಕೊಂಡು ಹೋದ್ರ, ಮೈಗೆ ಹಚ್ಚಿದ ಎಣ್ಣಿ ಮ್ಯಾಲೆ ಬೆರಳಿಂದ ಚಿತ್ರ ಬರೀತಿದ್ದನಂತ. ಇನ್ನ ನ್ಯೂಟನ್ ಕತಿ ಎಲ್ಲಾರಿಗೂ ಗೊತ್ತೇ ಅದ. ಕುದಿಯೋ ನೀರಿಗೆ ಕೈಗಡಿಯಾರ ಹಾಕಿ, ತತ್ತಿ ಕೈಯಾಗ ಹಿಡಕೊಂಡು ಟೈಮ್ ನೋಡಲಿಕತ್ತಿದ್ದ.

ಸಂಶಯ_ಸಿದ್ದ · 6:44

ಮೇಷ್ಟ್ರೇ, ನಮಸ್ಕಾರ. ಆರ್ಕಿಮಿಡೀಸ್ ವಿಷಯ ಸರಿ. ಆದರೆ ತತ್ತಿ ಕತೆ ದಂತಕತೆ, ಅದನ್ನ ಬೇರೆ ಬೇರೆ ಪಂಡಿತರ ಹೆಸರಿಗೂ ಅಂಟಿಸ್ತಾರೆ. ಮೇಲಾಗಿ ನ್ಯೂಟನ್ ಕಾಲದಲ್ಲಿ ಕೈಗಡಿಯಾರ ಎಲ್ಲಿಂದ ಬಂತು, ಇದ್ದರೆ ಜೇಬುಗಡಿಯಾರ.

ನಂಬೋಕೆ ಇರೋದು ಅವನ ಸಹಾಯಕ ಬರೆದ ಪತ್ರ. ಅವನ ಹೆಸರೂ ನ್ಯೂಟನ್ನೇ, ಹಂಫ್ರಿ ನ್ಯೂಟನ್. 1680ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಐದು ವರ್ಷ ಜೊತೆಗಿದ್ದವನು. ಕೋಣೆಗೆ ಹೋದರೆ ಎಷ್ಟೋ ಸಲ ಊಟ ಮುಟ್ಟದೇ ಹಾಗೇ ಇರುತ್ತಿತ್ತು, "ಉಂಡಿಲ್ಲವಲ್ಲ" ಅಂತ ನೆನಪಿಸಿದರೆ "ಹೌದಾ?" ಅಂದು ನಿಂತಲ್ಲೇ ಒಂದೆರಡು ತುತ್ತು ತಿನ್ನುತ್ತಿದ್ದ ಅಂತ ಬರೆದಿದ್ದಾನೆ.

ಮೇಷ್ಟ್ರು_ರಾಯಚೂರು · 6:50

ಮೂವತ್ತು ವರ್ಷ ಹುಡುಗರಿಗೆ ತತ್ತಿ ಕತಿ ಹೇಳೀನಪ್ಪ. ಈಗ ಯಾರ್ಯಾರ ಮನಿಗೆ ಹೋಗಿ ತಿದ್ದಿ ಬರಲಿ?

ಜೀನ್ಸ್_ಬಳ್ಳಾರಿ · ರಾತ್ರಿ 9:35

ಈಗ ಬಂದೆ ಕೆಲಸದಿಂದ. ಎಲ್ಲಾ ಓದಿದೆ. ದೊಡ್ಡೋರು ಮರೆತ್ರೆ ಕತೆ ಆಗ್ತೈತೆ, ನಾವು ಮರೆತ್ರೆ ಹಾಜರಿ ಪುಸ್ತಕದಾಗೂ ಬರಲ್ಲ.

ನಾನು ಜೀನ್ಸ್ ಹೊಲಿತೀನಿ. ಲೂಪ್ ಹಾಕೋದು ನನ್ನ ಕೆಲಸ, ಬೆಲ್ಟ್ ಸಿಗಿಸ್ತೀರಲ್ಲ, ಆ ಪಟ್ಟಿ. ಒಂದು ಪ್ಯಾಂಟಿಗೆ ಐದು. ದುಡ್ಡು ಪೀಸಿನ ಲೆಕ್ಕ, ದಿನದ ಲೆಕ್ಕ ಅಲ್ಲ. ಕೈ ಕುದುರಿತು ಅಂದ್ರೆ ಮಶೀನಿನ ಸದ್ದು ಬಿಟ್ಟು ಬೇರೇನೂ ಕೇಳ್ಸಲ್ಲ, ಅಕ್ಕ ಹೇಳೋ ಹಂಗೇ. ಎರಡು ಗಂಟೆ ಆಗಿರ್ತೈತೆ, ಡಬ್ಬಿ ಮಶೀನ್ ಕೆಳಗೇ ಇರ್ತೈತೆ. ಬಗ್ಗಿದ್ರೆ ಸಿಗ್ತೈತೆ, ಬಗ್ಗಲ್ಲ. ಯಾಕಂದ್ರೆ ಊಟಕ್ಕೆ ಎದ್ದ ಅರ್ಧ ಗಂಟೆ ನನ್ನ ಜೇಬಿಂದ ಹೋಗ್ತೈತೆ. ಮೇಲೆ ತಗಡು, ಏಪ್ರಿಲ್ ತಿಂಗಳು, ಹೊರಗೆ ನಲವತ್ತು ಡಿಗ್ರಿ ದಾಟಿರ್ತೈತೆ. ಆ ಕಾವಿಗೆ ಹಸಿವು ತಾನೇ ಸತ್ತು ಹೋಗ್ತೈತೆ.

ಅಕ್ಕ ಮರೀತಾಳೆ. ನಮಗೆ ಮರೆಸ್ತಾರೆ. ಎರಡೂ ಒಂದೇ ಅಂತ ಯಾರೂ ಹೇಳಬೇಡಿ.

ಹೈಕ_ಹುಡುಗ · 9:48

ಯಪ್ಪಾ ಅಣ್ಣ, ಆ ಅಕ್ಕ ಕೌದಿ ಬಗ್ಗೆ ಕೇಳಿದ್ರ ನೀನು ಕಾರ್ಮಿಕ ಸಂಘದ ಭಾಷಣ ಚಾಲೂ ಮಾಡಿದಿ.

ಜೀನ್ಸ್_ಬಳ್ಳಾರಿ · 9:51

ಊಟದ ಬಗ್ಗೆ ಕೇಳಿದ್ರು. ನಾನೂ ಊಟದ ಬಗ್ಗೇನೇ ಹೇಳಿದ್ದು.

ಸಂಶಯ_ಸಿದ್ದ · 10:05

ಹುಡುಗಾ, ಅವರು ಹೇಳಿದ್ದರಲ್ಲಿ ತಪ್ಪಿಲ್ಲ. 1948ರ ಕಾರ್ಖಾನೆ ಕಾಯ್ದೆ ಬರೆದಾಗಲೇ, ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಅಂತ ಹಾಕಿದ್ರು. ಮನುಷ್ಯ ಮರೀತಾನೆ, ಮರೆಸುವವರೂ ಇರ್ತಾರೆ ಅಂತ ಗೊತ್ತಿದ್ದೇ ಬರೆದಿರೋದು. ಪೀಸಿನ ಲೆಕ್ಕ ಇರೋ ಕಡೆ ಮಾತ್ರ ಯಾರೂ ತಡೆಯೋದೇ ಬೇಕಿಲ್ಲ, ಕೆಲಸಗಾರನೇ ತನ್ನ ಮೇಲೆ ತಾನು ಮೇಸ್ತ್ರಿ ಆಗಿಬಿಡ್ತಾನೆ.

ಮನಸು_ಮರ್ಮ · ಮಂಗಳವಾರ ಬೆಳಿಗ್ಗೆ 7:20

ಮನಃಶಾಸ್ತ್ರ ಓದುತ್ತಿದ್ದೇನೆ, ಹಾಗಾಗಿ ಬಾಯಿ ಹಾಕ್ತೀನಿ. ಈ ತಲ್ಲೀನತೆಗೆ 'ಫ್ಲೋ' ಅಂತ ಹೆಸರಿಟ್ಟವರು ಮಿಹಾಯ್ ಚಿಕ್ಸೆಂಟ್‌ಮಿಹಾಯ್, ಹಂಗೇರಿ ಮೂಲದ ಅಮೆರಿಕದ ಮನಃಶಾಸ್ತ್ರಜ್ಞ, 2021ರಲ್ಲಿ ತೀರಿಕೊಂಡರು. ಅವರಿಗೆ ಇದು ಹೊಳೆದದ್ದೇ 1960ರ ದಶಕದಲ್ಲಿ ಚಿತ್ರಕಾರರನ್ನ ನೋಡ್ತಾ. ಚಿತ್ರ ಬರೆಯುವಾಗ ಹಸಿವು, ದಣಿವು ಯಾವುದೂ ಗೊತ್ತಾಗ್ತಿರಲಿಲ್ಲ. ಆದರೆ ಮುಗಿದ ಚಿತ್ರವನ್ನ ಮೂಲೆಗಿಟ್ಟು ಆಗಲೇ ಇನ್ನೊಂದಕ್ಕೆ ಕೈ ಹಾಕ್ತಿದ್ರಂತೆ. ಅಂದ್ರೆ ಚಿತ್ರಕ್ಕಿಂತ ಬರೆಯೋದೇ ಅವರಿಗೆ ಬೇಕಾಗಿತ್ತು.

ಕೌದಿ ಅಕ್ಕನ ಕೆಲಸ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮುಂದೇನು ಅಂತ ಪ್ರತಿ ಹೊಲಿಗೆಗೂ ಗೊತ್ತು, ಸರಿಯಾಯ್ತೋ ಸೊಟ್ಟಾಯ್ತೋ ಆಗಲೇ ಕಣ್ಣಿಗೆ ಕಾಣುತ್ತೆ, ಕೆಲಸ ಬೇಜಾರು ಬರುವಷ್ಟು ಸುಲಭವೂ ಅಲ್ಲ, ಕೈ ಚೆಲ್ಲುವಷ್ಟು ಕಷ್ಟವೂ ಅಲ್ಲ. ಇವು ಕೂಡಿದ ಕಡೆ ಗಡಿಯಾರ ನಿಲ್ಲುತ್ತೆ. ಜೀನ್ಸ್ ಅಣ್ಣನ ಲೂಪ್‌ನಲ್ಲೂ ಮೊದಲ ಎರಡು ಇವೆ. ಮೂರನೆಯದು ಇದೆಯಾ ಅಂತ ಅವರೇ ಹೇಳಬೇಕು.

ಜೀನ್ಸ್_ಬಳ್ಳಾರಿ · 7:41

ಮೊದಲ ವರ್ಷ ಇತ್ತು.

ಚೌಕಾಬಾರ · 8:15

ನಗು ಬರೋ ಮಾತಲ್ಲರಿ ಇದು. ನಮ್ಮಪ್ಪಗ ಶುಗರ್ ಐತಿ. ಎರಡು ವರ್ಷದ ಹಿಂದ ಗುಡಿ ಕಟ್ಟಿ ಮ್ಯಾಲೆ ಚೌಕಾಬಾರ ಆಡಾಕ ಕುಂತಿದ್ದ. ಮುಂಜಾನೆ ಗುಳಿಗಿ ನುಂಗ್ಯಾನ, ಊಟಕ್ಕ ಕರದ್ರ "ಈ ಕಾಯಿ ಹಣ್ಣಾಗಲಿ, ಬಂದೆ" ಅಂದಾನ. ನನ್ನ ತಮ್ಮ ಮೂರು ಸಲ ಹೋಗಿ ಬಂದ. ಮೂರು ಗಂಟೆಕ್ಕ ಬೆವರಾಕ ಚಾಲೂ ಆಗೈತಿ, ಕವಡಿ ಎಣಸಾಕ ಬರವಲ್ದು, ಮಾತು ತೊದಲಾಕತ್ಯಾವು. ಎದುರಿಗೆ ಕುಂತಾಂವ "ಸೋಲು ಬಂತಂತ ನಾಟಕ ಮಾಡತಾನ" ಅಂತ ನಗಾಕತ್ತಿದ್ದನಂತ. ಬಾಜೂ ಅಂಗಡಿಯವ್ವ ನೋಡಿ ಸಕ್ಕರಿ ನೀರು ಕುಡಿಸಿದ್ಲು, ಬದುಕಿದ.

ನೈಟ್‌ಡ್ಯೂಟಿ_ಸಿಸ್ಟರ್ · 8:40

ಆ ಅಂಗಡಿ ಅಮ್ಮನಿಗೆ ಕೈ ಮುಗೀಬೇಕು. ನಾನು ನರ್ಸ್, ಇದನ್ನ ಎಲ್ಲರೂ ಓದ್ಕೊಳ್ರಿ. ಇನ್ಸುಲಿನ್ ತಗೊಳೋರು, ಗ್ಲಿಮೆಪಿರೈಡ್ ಥರದ ಗುಳಿಗೆ ನುಂಗೋರು ಊಟ ತಪ್ಪಿಸೋ ಹಾಗೇ ಇಲ್ಲ. ಶುಗರ್ 70ಕ್ಕಿಂತ ಕೆಳಗೆ ಬಂದ್ರೆ ನಡುಕ, ಬೆವರು, ಗಲಿಬಿಲಿ. ಎಚ್ಚರ ಇದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70ಕ್ಕಿಂತ ಕೆಳಗೇ ಇದ್ರೆ ಮತ್ತೊಮ್ಮೆ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕಬ್ಯಾಡ್ರಿ, ದವಾಖಾನೆಗೆ ಓಡಿ.

ಕೌದಿ ಅಕ್ಕಾರ, ಹಸಿವು ಆಗೇ ಇಲ್ಲ ಅಂತೀರಲ್ಲ, ಆಗಿರುತ್ತೆ. ಹೊಟ್ಟೆಯಿಂದ ಬರೋ ಗ್ರೆಲಿನ್ ಅಂತ ಹಾರ್ಮೋನು ಐತಿ, 1999ರಲ್ಲಿ ಜಪಾನಿನವರು ಕಂಡುಹಿಡಿದದ್ದು. ನೀವು ದಿನಾ ಉಣ್ಣೋ ಹೊತ್ತಿಗೆ ಅದು ಏರುತ್ತೆ, ಉಣ್ಣದಿದ್ರೂ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತೆ. ಹಸಿವು ಬಂದು ಬಾಗಿಲು ಬಡಿದು, ಯಾರೂ ತೆಗೀಲಿಲ್ಲ ಅಂತ ಹೊಳ್ಳಿ ಹೋಗಿರುತ್ತೆ, ಅಷ್ಟೇ. ಇನ್ನು ಕತ್ತಲೆ ಬಂದದ್ದು ಬರೀ ಊಟದಿಂದ ಅಂತ ಹೇಳಾಕ ಆಗಲ್ಲ. ನಾಲ್ಕೈದು ತಾಸು ನೆಲದ ಮೇಲೆ ಕೂತು ದಿಢೀರ್ ಎದ್ರೆ ರಕ್ತದೊತ್ತಡ ಇಳಿದು ಹಾಗಾಗುತ್ತೆ. ನೀರೂ ಕುಡಿದಿರಲ್ಲ ನೀವು, ಗ್ಯಾರಂಟಿ. ಒಮ್ಮೆ ಶುಗರ್, ಹಿಮೋಗ್ಲೋಬಿನ್ ತೋರಿಸ್ರಿ.

ಕೌದಿ_ಕೊಪ್ಪಳ · 9:02

ನೀರೂ ಕುಡಿಯಂಗಿಲ್ರಿ ಸಿಸ್ಟರ್. ಕುಡದ್ರ ಎದ್ದು ಹೋಗಬೇಕಾಗತೈತಲ್ಲ.

ನೈಟ್‌ಡ್ಯೂಟಿ_ಸಿಸ್ಟರ್ · 9:04

ನಿಮ್ಮ ಅತ್ತೆ ನಂಬರ್ ಕೊಡ್ರಿ.

ಕಿನ್ನಾಳ_ಕುಂಚ · 11:30

ನಮ್ಮದು ಕಿನ್ನಾಳ. ಬೊಂಬಿ ಮಾಡೂ ಮನಿತನ. ಅಕ್ಕಾರ, ನಿಮ್ಮ ಹೊಲಗಿ ನಡುವ ಬಿಟ್ಟು ಎದ್ರ ಹೊಲಗಿ ಅಲ್ಲೇ ಇರತೈತಿ. ನಮ್ಮದು ಹಂಗಲ್ಲ. ಹಗುರು ಕಟಗಿ ಕೆತ್ತಿ ಬ್ಯಾರೆ ಬ್ಯಾರೆ ಭಾಗ ಕೂಡಸತೀವಿ, ಸಂದಿಗೆ ಕಿಟ್ಟ ತುಂಬತೀವಿ. ಕಿಟ್ಟ ಅಂದ್ರ ಗೋಣಿ ಅರಿವಿ ನೆನಸಿ, ಒಣಗಿಸಿ, ಪುಡಿ ಮಾಡಿ, ಕಟಗಿ ಹೊಟ್ಟು, ಹುಣಸಿ ಬೀಜದ ಅಂಟು ಕೂಡಿಸಿ ಕಲಸೂದು. ಮೈಮ್ಯಾಲಿನ ಒಡವಿ ಉಬ್ಬಿ ಕಾಣಬೇಕಂದ್ರ ಹಳ್ಳದ ಕಲ್ಲಿನ ಪುಡಿಗೆ ಅಂಟು ಹಾಕಿ ಕುಂಚದ ತುದಿಯಿಂದ ಎಳೀತೀವಿ. ಕಲಸಿದ್ದು ಬಟ್ಟಲದಾಗ ಬಿಗೀತಾ ಬರತೈತಿ. ಊಟಕ್ಕ ಎದ್ದು ಬಂದ್ರ ಕಲ್ಲು ಆಗಿರತೈತಿ, ದುಡ್ಡೂ ಹೋತು, ಅರ್ಧ ಎಳದ ಸರವೂ ಹೋತು. ಅದಕ್ಕ ನಮ್ಮ ಮನ್ಯಾಗ ಉಣ್ಣೂದು ಯಾವಾಗಲೂ ಬಟ್ಟಲ ಖಾಲಿ ಆದಮ್ಯಾಲೆ.

ನಾನು ಹೊಸದಾಗಿ ಕುಂದರಾಕ ಚಾಲೂ ಮಾಡಿದಾಗ ದೊಡ್ಡ ಬಟ್ಟಲ ಕಲಸತಿದ್ದೆ. ಹುರುಪು. ಮೂರು ಗಂಟಿ ಆದ್ರೂ ತೀರತಿರಲಿಲ್ಲ, ಕೊನಿಗೆ ಎಳದ ಗೆರಿ ನಡಗಿರತಿದ್ವು. ಅಜ್ಜ ಒಂದಿನ ಬಟ್ಟಲ ಕಸಗೊಂಡು ಸಣ್ಣ ಗಿಂಡಿ ಕೊಟ್ಟ. "ಹಸಿವಿ ಆಗೂತನ ಸಾಕಾಗುವಷ್ಟು ಕಲಸು" ಅಂದ. ಅಷ್ಟೇ ಅಂದಿದ್ದು. ಈಗ ಗಿಂಡಿ ತೀರೂ ಹೊತ್ತಿಗೆ ಒಂದು ಗಂಟಿ ಆಗಿರತೈತಿ, ಗಡಿಯಾರ ನೋಡೂದೇ ಬ್ಯಾಡ.

ಒಂದು ಮಾತು: ದೇವರ ಕಣ್ಣು ಬರೆಯೂ ದಿನ ಮಾತ್ರ ನಾನಾಗೇ ಉಣ್ಣಂಗಿಲ್ಲ. ಅದು ಮರತದ್ದಲ್ಲ.

ಮಿರ್ಚಿ_ಒಗ್ಗರಣಿ · 11:38

ಅಣ್ಣ, ದಶಾವತಾರ ಸೆಟ್ ಸಿಗತೈತೇನು? ಜಿಐ ಟ್ಯಾಗ್ (ಕಿನ್ನಾಳದ್ದೇ ಅನ್ನೋ ಸರಕಾರಿ ಗುರುತು) ಇರೋದು ಬೇಕು, ಅಂಗಡ್ಯಾಗ ಡುಪ್ಲಿಕೇಟ್ ಕೊಟ್ಟು ಕಳಿಸ್ಯಾರ.

ಕಿನ್ನಾಳ_ಕುಂಚ · 11:45

ಊರಿಗೇ ಬರ್ರಿ. ಕೊಪ್ಪಳದಿಂದ ದೂರ ಇಲ್ಲ. ಕಣ್ಣಾರ ನೋಡಿ ಒಯ್ರಿ.

ರೊಟ್ಟಿಬುಟ್ಟಿ_ಸಿಂಧನೂರು · ಮಧ್ಯಾಹ್ನ 2:20

ನಂಗ 58 ವಯಸ್ಸು. ನಿಮ್ಮದೆಲ್ಲಾ ಓದಿದೆ. ಒಂದು ಕೇಳ್ತೀನಿ, ಮೇಷ್ಟ್ರೂ ಉತ್ತರ ಕೊಡಬಹುದು.

ನ್ಯೂಟನ್ ರೂಮಿನ್ಯಾಗ ಊಟದ ತಾಟು ಮುಟ್ಟದೇ ಇತ್ತು ಅಂದ್ರಿ. ಆ ತಾಟು ತಂದಿಟ್ಟವರು ಯಾರು? ಆರ್ಕಿಮಿಡೀಸನ್ನ ಜಳಕಕ್ಕ ಎತ್ತಿಕೊಂಡು ಹೋದವರು ಯಾರು? ಚೌಕಾಬಾರ ಆಡೋನಿಗೆ ಮೂರು ಸಲ ಕರೀಲಿಕ್ಕ ಹೋದ ಹುಡುಗ, ಅವನು ಆ ಹೊತ್ತಿಗೆ ಉಂಡಿದ್ದನೇನು? ಉಣ್ಣೂದು ಮರೀಬೇಕಂದ್ರ ಬ್ಯಾರೆ ಯಾರೋ ನೆನಪಿಟ್ಟಿರಬೇಕಾಗ್ತದ. ನಮ್ಮ ಮನ್ಯಾಗ ನಾನು ಮರೆತ್ರ ಒಲಿ ಹತ್ತೂದಿಲ್ಲ, ಏಳು ಮಂದಿ ಹಸಿದು ಕೂಡ್ತಾರ. ಅದಕ್ಕ ಜನ "ತಲ್ಲೀನಳಾಗಿದ್ಲು" ಅನ್ನೂದಿಲ್ಲ, ಬ್ಯಾರೆ ಏನೋ ಅಂತಾರ.

ಈಗ ಕೌದಿ ತಂಗಿಗೆ. ನಿಮ್ಮ ಅತ್ತೆ ಮಧ್ಯಾಹ್ನ ಮನ್ಯಾಗೇ ಇರ್ತಾರಲ್ಲ. ಅವರಿಗೆ ಊಟಕ್ಕ ಯಾರು ಕೊಡ್ತಾರ?

ಕೌದಿ_ಕೊಪ್ಪಳ · 2:48

ನಾನ ಕೊಡತೀನ್ರಿ ಅಕ್ಕಾರ. ಹನ್ನೆರಡೂವರಿಗೆ ಅವರಿಗೆ ಗುಳಿಗಿ ಇರತಾವು, ಉಂಡು ನುಂಗಬೇಕು.

ರೊಟ್ಟಿಬುಟ್ಟಿ_ಸಿಂಧನೂರು · 2:50

ಒಂದಿನಾನಾದ್ರೂ ಮರ್ತೀಯೇನು?

ಕೌದಿ_ಕೊಪ್ಪಳ · 2:57

ಇಲ್ರಿ. ಸೂಜಿ ದಿಂಬಿಗೆ ಚುಚ್ಚಿ, ಎದ್ದು, ರೊಟ್ಟಿ ಪಲ್ಯ ಹಚ್ಚಿ ಕೊಟ್ಟು, ಮಜ್ಜಿಗಿ ಕೊಟ್ಟು, ಬಂದು ಕುಂದರತೀನಿ.

ರೊಟ್ಟಿಬುಟ್ಟಿ_ಸಿಂಧನೂರು · 2:59

ಬುಟ್ಟಿ ಕೈಯಾಗ ಹಿಡದು ನಿಂತಿರ್ತಿ. ಆಗ ನಿನ್ನ ತಾಟು ಯಾಕ ಹಚಗೊಳ್ಳೂದಿಲ್ಲ?

ಹೈಕ_ಹುಡುಗ · 3:20

ಅಕ್ಕ ಉತ್ತರ ಕೊಡವಲ್ಲಳು. ಕೋರ್ಟಿನ್ಯಾಗ ಪಾಟಿ ಸವಾಲು ಹಾಕಿದಂಗಾತು.

ಲೆಕ್ಕದ_ಪುಸ್ತಕ · 3:31

ನನ್ನ ಹೆಂಡತಿ ಇದನ್ನ ಓದಿ ನನ್ನ ಕಡೆ ನೋಡಿದ್ಲು, ಏನೂ ಅನ್ನಲಿಲ್ಲ. ಮಾರ್ಚ್ ಕೊನೆಗೆ ನಾನು "ಊಟ ಮರೆತೆ" ಅಂತ ಹೇಳ್ಕೊಂಡು ತಿರುಗ್ತೀನಲ್ಲ, ಆ ದಿನ ಅವಳು ಎರಡು ಸಲ ಅನ್ನ ಬಿಸಿ ಮಾಡಿದ್ದಳಂತೆ.

ಸೋನಾ_ಮಸೂರಿ · 4:05

ನಾಟಿ ಹಚ್ಚೂ ದಿನ ಯಾರೂ ಊಟ ಮರಿಯಂಗಿಲ್ಲ ನೋಡ್ರಿ. ಗದ್ದ್ಯಾಗ ಇಪ್ಪತ್ತು ಮಂದಿ ಬಗ್ಗಿರತೀವಿ, ಒಬ್ಬಾಕಿ ಸೊಂಟ ನೆಟ್ಟಗ ಮಾಡಿ "ಬುತ್ತಿ ಬಿಚ್ಚೂಣೇನ್ರೇ" ಅಂದ್ಲಂದ್ರ ಇಪ್ಪತ್ತೂ ಮಂದಿ ಬದುವಿಗೆ. ಒಬ್ಬಾಕಿ ಪುಂಡಿಪಲ್ಯ, ಒಬ್ಬಾಕಿ ಗುರೆಳ್ಳು ಚಟ್ನಿ, ಮತ್ತೊಬ್ಬಾಕಿ ಉಳ್ಳಾಗಡ್ಡಿ. ಅಲ್ಲಿ ಒಬ್ಬಾಕಿ ಬರಲಿಲ್ಲಂದ್ರ ಎಲ್ಲಾರಿಗೂ ಗೊತ್ತಾಗತೈತಿ. ಮರೆಯೂದೆಲ್ಲಾ ಒಬ್ಬೊಬ್ಬರ ಕುಂತು ಮಾಡೂ ಕೆಲಸದಾಗ.

ಜಾತ್ರಿ_ಗೆಳೆಯ · 4:22

ಅದು ಖರೆ ಅಲ್ಲ ಬಿಡ್ರಿ. ಗವಿಮಠದ ಜಾತ್ರಿ ಮಹಾದಾಸೋಹದಾಗ ಬಡಸಾಕ ನಿಂತಿದ್ದೆ. ಲಕ್ಷಗಟ್ಟಲೆ ರೊಟ್ಟಿ ಹಳ್ಳಿ ಹಳ್ಳಿಯಿಂದ ಬಂದು ಬಿದ್ದಾವು, ಬೆಟ್ಟದಂಗ. ಮುಂಜಾನಿಯಿಂದ ಸಾವಿರಾರು ಮಂದಿಗೆ ಬಡಿಸಿ, ರಾತ್ರಿ ಮನಿಗೆ ಬಂದು ನಮ್ಮವ್ವಗ "ಹಸಿವಿ ಆಗೈತಿ, ಏನೈತಿ?" ಅಂದೆ. ನಮ್ಮವ್ವ ಸೌಟು ಹಿಡಕೊಂಡು ಬಂದ್ಲು. "ದಾಸೋಹಕ್ಕ ಹೋಗಿ ಉಪಾಸ ಬಂದೀಯಲ್ಲೋ!"

ಮಿರ್ಚಿ_ಒಗ್ಗರಣಿ · 4:30

ಕೊನಿಗೆ ಏನು ಕೊಟ್ಲು?

ಜಾತ್ರಿ_ಗೆಳೆಯ · 4:31

ಸಜ್ಜಿ ರೊಟ್ಟಿ, ಬೆಣ್ಣಿ.

ಸೋನಾ_ಮಸೂರಿ · 4:40

ಜಾತ್ರ್ಯಾಗ ಸಜ್ಜಿಗಿಂತ ಜೋಳದ ಕಟಕ್ ರೊಟ್ಟಿನ ಛಲೋ. ಇಟ್ರೂ ಕೆಡಂಗಿಲ್ಲ.

ಜಾತ್ರಿ_ಗೆಳೆಯ · 4:41

ಇಡಾಕಲ್ಲ, ತಿನ್ನಾಕ ಕೇಳಿದ್ದು ನಾನು. ಚಳಿಗಾಲದಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮುಂದ ಜೋಳದ್ದು ಎಲ್ಲಿ?

ಸೋನಾ_ಮಸೂರಿ · 4:43

ಜೋಳಕ್ಕ ಅಂದ್ರ ಜಗಳ ಆಗತಾವು ನೋಡು.

(ರೊಟ್ಟಿ ಜಗಳ ಹೀಗೇ ನಡೆಯಿತು. ಉಳಿದ 23 ಪ್ರತಿಕ್ರಿಯೆಗಳನ್ನು ಬೇರೆ ಚರ್ಚೆಗೆ ಸರಿಸಿದ್ದೇವೆ. – ನಿರ್ವಾಹಕರು)

ಅವ್ವ_ರಾಯಚೂರು · ರಾತ್ರಿ 8:12

ನನ್ನ ಮಗ ಹತ್ತನೇತ್ತ. ಮೊಬೈಲಿನ್ಯಾಗ ಗನ್ ಹಿಡಕೊಂಡು ಓಡಾಡೋ ಆಟ. ಊಟ ಅಂದ್ರ "ಮಮ್ಮೀ, ಈಗ ಎದ್ರ ಸಾಯ್ತೀನಿ" ಅಂತಾನ. ಇದಕ್ಕೂ ಆರ್ಕಿಮಿಡೀಸ್ ಅಂತ ಹೆಸರಿಡ್ತೀರೇನ್ರಿ ಮೇಷ್ಟ್ರೇ?

ಮನಸು_ಮರ್ಮ · 8:30

ಅಮ್ಮಾ, ಆಟದಲ್ಲಿ ಮುಳುಗಿದ್ದನ್ನೇ ರೋಗ ಅನ್ನೋಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರನ್ನ ರೋಗಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಆದ್ರೆ ಅದಕ್ಕೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಓದು, ಮನೆ, ಗೆಳೆತನ ಎಲ್ಲಾ ಹಾಳಾಗ್ತಿದ್ರೂ ಬಿಡೋಕಾಗದಿರಬೇಕು, ಅದೂ ಸಾಮಾನ್ಯವಾಗಿ ಒಂದು ವರ್ಷದಿಂದ ಕಾಣ್ತಿರಬೇಕು. ಒಂದು ಉಪಾಯ: ಆಟದ ನಡುವೆ ಕರೀಬೇಡಿ. "ಈ ಮ್ಯಾಚ್ ಯಾವಾಗ ಮುಗಿಯುತ್ತೆ?" ಅಂತ ಕೇಳಿ, ಮುಗಿದಾಗ ಫೋನ್ ಇಸ್ಕೊಳ್ಳಿ. ಕಿನ್ನಾಳದ ಅಜ್ಜ ಮಾಡಿದ್ದೂ ಅದೇ ಅಲ್ವಾ, ನಡುವೆ ಎಬ್ಬಿಸಲಿಲ್ಲ, ಬಟ್ಟಲನ್ನೇ ಚಿಕ್ಕದು ಮಾಡಿದರು.

ಮೇಷ್ಟ್ರು_ರಾಯಚೂರು · 8:44

ಅವ್ವಾರ, ಗನ್ನಿಗೆ ಆರ್ಕಿಮಿಡೀಸ್ ಹೆಸರು ಒಪ್ಪತದ. ಅವನೂ ಯುದ್ಧದ ಯಂತ್ರ ಮಾಡ್ಯಾನ.

ಕೌದಿ_ಕೊಪ್ಪಳ · ಎರಡು ವಾರದ ನಂತರ, ಭಾನುವಾರ ಮಧ್ಯಾಹ್ನ 1:50

ಎಲ್ಲಾರೂ ಕ್ಷಮಿಸ್ರಿ, ಉತ್ತರ ಕೊಡಾಕ ತಡ ಆತು. ಸಿಂಧನೂರ ಅಕ್ಕಾರ ಕೇಳಿದ್ದಕ್ಕ ಅವತ್ತು ಏನು ಬರೀಬೇಕು ತಿಳೀಲಿಲ್ಲ. ಸಿಟ್ಟು ಬಂದಿತ್ತು, ಖರೆ ಹೇಳತೀನಿ.

ಆಮ್ಯಾಲೆ ಮರುದಿನ ಹನ್ನೆರಡೂವರಿಗೆ ಅತ್ತಿಗೆ ಹಚ್ಚಿ ಕೊಡುಮುಂದ ನನ್ನನ್ನ ನಾನ ನೋಡಿಕೊಂಡೆ. ಹಸಿವಿ ಇತ್ರಿ. ಹೊಟ್ಟಿ ಗುರ್ ಅಂತು. ಆದ್ರ ಉಣ್ಣಾಕ ಕುಂತರ ಆಮ್ಯಾಲೆ ಅಡಗಿಮನಿ ಬಳೀಬೇಕು, ಪಾತ್ರಿ ತೊಳೀಬೇಕು, ಅಷ್ಟರಾಗ ಒಣ ಹಾಕಿದ್ದ ಅರಿವಿ ಕಾಣತಾವು, ಹಿಟ್ಟಿನ ಗಿರಣಿಗೆ ಜೋಳ ಒಯ್ಯೂದು ನೆನಪಾಗತೈತಿ, ಹುಡುಗರು ಬಂದುಬಿಡತಾರ. ಹತ್ತೂವರಿಯಿಂದ ನಾಕೂವರಿ, ಇದೊಂದ ಹೊತ್ತು ನಂದು. ಅದರಾಗ ಊಟಕ್ಕ ಅರ್ಧ ತಾಸು ಕೊಡಾಕ ಮನಸಾಗವಲ್ದು. ಮರತಿರಲಿಲ್ಲ. ಮರತೀನಿ ಅಂತ ಹೇಳಿಕೊಂಡಿದ್ದೆ. ಬಳ್ಳಾರಿ ಅಣ್ಣಾರ ಡಬ್ಬಿ ಮಶೀನ್ ಕೆಳಗಿತ್ತು, ನನ್ನದು ಕೈಯಾಗ ಇತ್ತು.

ಅತ್ತಿಗೆ ಹೇಳಿದೆ ಇದನ್ನ. ಅವರು ಬೈತಾರ ಅಂದ್ಕೊಂಡಿದ್ದೆ. "ಪಾತ್ರಿ ಸಂಜಿಗೆ ತಿಕ್ಕು, ಯಾರ ಬಂದು ನೋಡತಾರ?" ಅಂದ್ರು. ನಲವತ್ತು ವರ್ಷ ಹೊತ್ತ ಮುಳಗೂದರಾಗ ಪಾತ್ರಿ ತಿಕ್ಕಿ ಬೋರಲ ಹಾಕಿದಾಕಿ ಆಕಿ, ನಂಬಾಕ ಆಗಲಿಲ್ಲ ನಂಗ.

ಕಿನ್ನಾಳದ ಅಣ್ಣಾರ ಗಿಂಡಿ ಮಾತು ಹಿಡದು ನೂಲು ಅಳತಿ ಮಾಡೀನಿ. ಒಂದು ಮೊಳಕೈ ಉದ್ದದ್ದು ಎರಡು ಪದರ, ಹದಿನಾಲ್ಕು ಎಳಿ ಕತ್ತರಿಸಿ ದಿಂಬಿಗೆ ಚುಚ್ಚಿ ಇಡತೀನಿ, ನೂಲಿನ ಉಂಡಿ ಮಾತ್ರ ಅತ್ತಿ ಹತ್ರ. ಹದಿನಾಲ್ಕು ತೀರಿದ್ರ ನೂಲು ಕೇಳಾಕ ಅವರ ಹತ್ರ ಹೋಗಬೇಕು. ಹ್ವಾದ್ರ ತಾಟು ಹಚ್ಚಿ ಕುಂತಿರತಾರ, ತಮ್ಮದೂ ನಂದೂ. ಉಂಡಮ್ಯಾಲೆ ನೂಲು. ಮೊದಲ ದಿನ ಹದಿನಾಲ್ಕು ಹನ್ನೊಂದೂವರಿಗೇ ತೀರಿದ್ವು, ಲೆಕ್ಕ ತಪ್ಪಿತ್ತು. ಈಗ ಇಪ್ಪತ್ತೆರಡಕ್ಕ ಬಂದು ನಿಂತೈತಿ.

ಸಿಸ್ಟರ್, ಹಿಮೋಗ್ಲೋಬಿನ್ 9 ಬಂತು. ಗುಳಿಗಿ ಕೊಟ್ಟಾರ. ನೀರು ಕುಡಿಯಾಕತ್ತೀನಿ.

ನೈಟ್‌ಡ್ಯೂಟಿ_ಸಿಸ್ಟರ್ · 2:02

9 ಅಂದ್ರೆ ಸಣ್ಣ ಮಾತಲ್ಲ. ಕೌದಿ ಮೇಲೆ ಹಾಕಬ್ಯಾಡ್ರಿ ತಪ್ಪು, ಬಹಳ ದಿನದಿಂದ ಇರುತ್ತೆ ಅದು. ಗುಳಿಗೆ ನಡುವೆ ಬಿಡಬ್ಯಾಡ್ರಿ, ಚಹಾದ ಜೊತೆ ತಗೋಬ್ಯಾಡ್ರಿ, ನಿಂಬೆಹಣ್ಣಿನ ಪಾನಕ ನಡೆಯುತ್ತೆ.

ರೊಟ್ಟಿಬುಟ್ಟಿ_ಸಿಂಧನೂರು · 2:15

ಸಿಟ್ಟು ಬಂದಿದ್ರ ಬರಲಿ ಬಿಡವಾ. ನಿಮ್ಮ ಅತ್ತೆಗೆ ನನ್ನ ಶರಣು ಹೇಳು.

ಮಿರ್ಚಿ_ಒಗ್ಗರಣಿ · 2:19

ಅಕ್ಕಾರ, ಇಳಕಲ್ ಸೆರಗಿನ ಕೌದಿ ಮಾರಾಟಕ್ಕ ಐತೇನ್ರಿ? ರೇಟು?

ಕೌದಿ_ಕೊಪ್ಪಳ · 2:24

ಅದು ನಮ್ಮವ್ವಂದು, ಕೊಡೂದಿಲ್ಲ. ಬ್ಯಾರೆ ಹೊಲದು ಕೊಡತೀನಿ, ಹಳೇ ಹತ್ತಿ ಸೀರಿ ನೀವ ತರ್ರಿ. ಪಾಲಿಸ್ಟರ್ ತಂದ್ರ ಹೊಳ್ಳಿ ಕಳಿಸತೀನಿ, ಸೂಜಿ ಜಾರತೈತಿ.

ಹೈಕ_ಹುಡುಗ · 2:30

ಜೀನ್ಸ್ ಅಣ್ಣ ಎಲ್ಲಿ? ಎರಡು ವಾರ ಆತು ಪತ್ತೆ ಇಲ್ಲ. ಅಣ್ಣ, ಅವತ್ತಿನ ಮಾತಿಗೆ ಕ್ಷಮೆ ಇರಲಿ.

ಜೀನ್ಸ್_ಬಳ್ಳಾರಿ · ಸೋಮವಾರ ಮಧ್ಯಾಹ್ನ 1:25

ಇದ್ದೀನಪ್ಪ. ಕ್ಷಮೆ ಎಲ್ಲಾ ಯಾಕೆ. ಆರ್ಡರ್ ಇತ್ತು, ಫೋನ್ ಮುಟ್ಟೋಕೆ ಆಗಿರಲಿಲ್ಲ.

ಇವತ್ತು ಒಂದು ಗಂಟೆಗೆ ಕರೆಂಟ್ ಹೋಯ್ತು. ಅದಕ್ಕೇ ಕೂತು ಬರೀತಿದ್ದೀನಿ. ಹದಿನೆಂಟು ಜನ, ಎಲ್ಲಾರ ಡಬ್ಬೀನೂ ತೆಗೆದೈತೆ. ಪಕ್ಕದ ಮಶೀನಿನ ಅಣ್ಣ ಶೇಂಗಾ ಚಟ್ನಿ ತಂದಿದ್ದ, ಮೂರು ವರ್ಷದಿಂದ ಪಕ್ಕದಾಗೇ ಕೂತೀನಿ, ಅವನ ಮನೆ ಚಟ್ನಿ ಇವತ್ತೇ ತಿಂದಿದ್ದು. ಖಾರ ಜಾಸ್ತಿ.

ಬಂತು ಕರೆಂಟ್. ಆಮೇಲೆ ಸಿಗ್ತೀನಿ.